ಹೆದರಿದ ನಾಯಿಗೆ ಬೆತ್ತ ಗುರುವಲ್ಲ

"ಮನೆಗೆ ತಂದ ನಾಯಿಗೆ ಮೊದಲ ವಾರದಲ್ಲೇ ಯಜಮಾನ ಯಾರೆಂದು ತೋರಿಸಿಬಿಡಬೇಕು, ಇಲ್ಲದಿದ್ದರೆ ತಲೆಯ ಮೇಲೆ ಕೂರುತ್ತದೆ." ಈ ಮಾತನ್ನು ಇತ್ತೀಚಿನ ವರ್ಷಗಳಲ್ಲಿ ಎಷ್ಟು ಬಾರಿ ಕೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಬೀದಿಯಿಂದಲೋ ಪ್ರಾಣಿಗಳ ಆಶ್ರಯಧಾಮದಿಂದಲೋ ನಾಯಿಗಳನ್ನು ದತ್ತು ತಂದು ಸಾಕುತ್ತಿದ್ದಾರೆ. ಸಂತೋಷದ ಸಂಗತಿ. ಆದರೆ ಬಂದ ನಾಯಿ ಮಂಚದ ಕೆಳಗೆ ಸೇರಿ ಹೊರಬಾರದಿದ್ದಾಗ, ಕುಕ್ಕರಿನ ಸೀಟಿಗೆ ನಡುಗಿದಾಗ, ಪೊರಕೆ ಎತ್ತಿದೊಡನೆ ಗುರುಗುಟ್ಟಿದಾಗ, ನೆರೆಹೊರೆಯವರು, ಬಂಧುಗಳು, ಶುಲ್ಕ ಪಡೆಯುವ ತರಬೇತುದಾರರು ಸಲಹೆ ಹೊತ್ತು ಬರುತ್ತಾರೆ. ಬಹುಪಾಲು ಸಲಹೆಗಳ ಸಾರಾಂಶ ಒಂದೇ: ಎರಡು ಬಿಗಿದರೆ ಸರಿಹೋಗುತ್ತದೆ. ಈ ಸಲಹೆ ಕ್ರೂರ ಮಾತ್ರವಲ್ಲ, ನಿಷ್ಪ್ರಯೋಜಕ. ನಿಷ್ಪ್ರಯೋಜಕ ಮಾತ್ರವಲ್ಲ, ಅಪಾಯಕಾರಿ. ಅದನ್ನು ವಿವರಿಸುವುದೇ ಈ ಬರಹದ ಉದ್ದೇಶ.

ಮೊದಲು 'ದಂಡಂ ದಶಗುಣಂ' ಎಂಬ ಮಾತನ್ನು ಇತ್ಯರ್ಥಪಡಿಸೋಣ. ಅದನ್ನು ಉದ್ಧರಿಸುವವರಲ್ಲಿ ಹೆಚ್ಚಿನವರು ಪೂರ್ಣ ಸುಭಾಷಿತವನ್ನು ಕಂಡವರಲ್ಲ. ದೊಣ್ಣೆ ಹಿಡಿದು ನಡೆಯುವವನಿಗೆ ಆಗುವ ಹತ್ತು ಉಪಯೋಗಗಳ ಪಟ್ಟಿ ಅದು: ಹಕ್ಕಿ, ನಾಯಿ, ಶತ್ರು, ಹಾವು, ದನ ಎದುರಾದಾಗ, ಕೆಸರಿನಲ್ಲಿ, ನೀರಿನಲ್ಲಿ, ಕುರುಡುತನದಲ್ಲಿ, ಕತ್ತಲೆಯಲ್ಲಿ, ಮುಪ್ಪಿನಲ್ಲಿ. ಶಿಷ್ಯನ ಪ್ರಸ್ತಾಪವೇ ಅಲ್ಲಿಲ್ಲ. ನಾಯಿಯ ಪ್ರಸ್ತಾಪವಿದೆ, ನಿಜ. ಆದರೆ ಅದು ದಾರಿಯಲ್ಲಿ ಮೇಲೆರಗುವ ನಾಯಿಯೇ ಹೊರತು ನಾವೇ ಕರೆತಂದು ಅನ್ನವಿಟ್ಟ ನಾಯಿಯಲ್ಲ. ಊರುಗೋಲಿನ ಪ್ರಶಂಸೆಯನ್ನು ಹೊಡೆತದ ಸಮರ್ಥನೆಯಾಗಿ ತಿರುಚಿಕೊಂಡವರು ನಾವು. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ನಿಷೇಧಿಸಿತು. ಪ್ರಾಣಿಯನ್ನು ಹೊಡೆದು ಅನಗತ್ಯವಾಗಿ ನೋಯಿಸುವುದು ಅದಕ್ಕೂ ಬಹಳ ಮೊದಲು, 1960ರ ಕಾಯ್ದೆಯಲ್ಲಿಯೇ ಅಪರಾಧವೆಂದು ದಾಖಲಾಗಿದೆ. ಆದರೂ ಬೆತ್ತ ಮಾತ್ರ ಮನೆಯ ಮೂಲೆಯಿಂದ ಕದಲಿಲ್ಲ.

ಬೆತ್ತದವರಿಗೆ ಈಗ ವಿಜ್ಞಾನದ ವೇಷವೂ ದೊರೆತಿದೆ. "ನಾಯಿ ತೋಳದ ಸಂತಾನ, ತೋಳಗಳ ಹಿಂಡಿನಲ್ಲಿ ಕಾದಾಡಿ ಗೆದ್ದದ್ದೇ ನಾಯಕ, ಆದುದರಿಂದ ನೀವೂ ಅದನ್ನು ನೆಲಕ್ಕೆ ಕೆಡವಿ ಅದುಮಿ ಹಿಡಿಯಿರಿ" ಎನ್ನುತ್ತಾರೆ. ಈ ಕಲ್ಪನೆಯ ಮೂಲ 1947ರಲ್ಲಿ ರುಡಾಲ್ಫ್ ಶೆಂಕೆಲ್ ಪ್ರಕಟಿಸಿದ ಅಧ್ಯಯನ. ಅವರು ನೋಡಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ಬಂಧಿಯಾಗಿದ್ದ ತೋಳಗಳನ್ನು. ತೋಳಗಳ ಬಗ್ಗೆ 1970ರಲ್ಲಿ ಪ್ರಸಿದ್ಧ ಗ್ರಂಥ ಬರೆದು ಈ ಕಲ್ಪನೆಯನ್ನು ಜನಪ್ರಿಯಗೊಳಿಸಿದ ಅಮೆರಿಕದ ಡೇವಿಡ್ ಮೆಕ್ ಅವರೇ, ಕೆನಡಾದ ಎಲ್ಸ್‌ಮಿಯರ್ ದ್ವೀಪದ ಕಾಡುತೋಳಗಳನ್ನು ಹಲವು ಬೇಸಿಗೆ ನೋಡಿದ ಮೇಲೆ, 1999ರಲ್ಲಿ ಅದನ್ನು ತಿದ್ದಿ ಬರೆದರು. ಕಾಡಿನ ಹಿಂಡು ಸಾಮಾನ್ಯವಾಗಿ ತಂದೆ, ತಾಯಿ, ಮಕ್ಕಳ ಸಂಸಾರ. ಅಲ್ಲಿ ನಾಯಕತ್ವವೆಂದರೆ ತಂದೆತಾಯಿಯ ಪಾಲನೆ ಎಂಬುದು ಅವರ ನಿರ್ಣಯ. ತಮ್ಮ ಮಾತನ್ನು ತಾವೇ ತಿದ್ದಿಕೊಂಡ ಆ ವಿಜ್ಞಾನಿ ದೊಡ್ಡವರು. ತಿದ್ದುಪಡಿಯನ್ನು ಓದದೆ ಹಳೆಯ ಪಾಠವನ್ನೇ ಮಾರುತ್ತಿರುವವರ ಬಗ್ಗೆ ಏನು ಹೇಳೋಣ?

"ಆದರೆ ಹೊಡೆದ ಮೇಲೆ ಸುಮ್ಮನಾಯಿತಲ್ಲ!" ಎಂಬುದು ಅವರ ಕೊನೆಯ ಅಸ್ತ್ರ. ಗಣಿತದ ತರಗತಿಯಲ್ಲಿ ಉಸಿರು ಬಿಗಿಹಿಡಿದು ಕುಳಿತ ಹುಡುಗನಿಗೆ ಲೆಕ್ಕ ಅರ್ಥವಾಗಿದೆಯೆಂದು ಯಾವ ಮೇಷ್ಟರಾದರೂ ನಂಬಿಯಾರೇ? 1967ರಲ್ಲಿ ಅಮೆರಿಕದ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ಮಾಡಿದ ಪ್ರಯೋಗವನ್ನು ಇಂದು ಓದಿದರೂ ಮನಸ್ಸು ಕಲಕುತ್ತದೆ. ತಾವು ಏನು ಮಾಡಿದರೂ ನಿಲ್ಲದ ವಿದ್ಯುದಾಘಾತವನ್ನು ಅನುಭವಿಸಿದ ನಾಯಿಗಳಲ್ಲಿ ಹಲವು, ಅನಂತರ ತಡೆಗೋಡೆ ಹಾರಿ ತಪ್ಪಿಸಿಕೊಳ್ಳುವ ಅವಕಾಶವಿದ್ದಾಗಲೂ ಹಾರದೆ ಮಲಗಿಯೇ ಇದ್ದವು. ಅದು ಶಾಂತಿಯಲ್ಲ, ನಿರಾಶೆ. 2016ರಲ್ಲಿ ಅದೇ ಇಬ್ಬರು ತಮ್ಮ ಸಿದ್ಧಾಂತವನ್ನು ಪರಾಮರ್ಶಿಸಿ ಮತ್ತೊಂದು ಮಾತು ಸೇರಿಸಿದರು: ದೀರ್ಘ ಸಂಕಟದೆದುರು ಕುಗ್ಗಿ ಕೂರುವುದು ಜೀವಿಯ ಸಹಜ ಪ್ರತಿಕ್ರಿಯೆ, 'ನನ್ನ ಕೈಯಲ್ಲೂ ಏನೋ ಇದೆ' ಎಂಬುದೇ ಕಲಿಯಬೇಕಾದ ಪಾಠ. ಹೆದರಿದ ನಾಯಿಗೆ ಕಲಿಸಬೇಕಾದದ್ದೂ ಇದನ್ನೇ. ತನ್ನ ಮಾತು ಇಲ್ಲಿ ನಡೆಯುತ್ತದೆ ಎಂದು ಅದಕ್ಕೆ ತಿಳಿದ ದಿನ ಧೈರ್ಯ ಮೊಳೆಯುತ್ತದೆ.

ನಾಯಿಯ ಮಾತು ಯಾವುದು? ಬಾಲವನ್ನು ಕಾಲ ನಡುವೆ ಸೇರಿಸುವುದು, ಕಿವಿ ಹಿಂದಕ್ಕೆ ಒತ್ತುವುದು, ತಿನ್ನಲೇನೂ ಇಲ್ಲದಾಗಲೂ ತುಟಿ ನೆಕ್ಕುವುದು, ನಿದ್ದೆಯಿಲ್ಲದ ಆಕಳಿಕೆ, ಮುಖ ತಿರುಗಿಸಿ ಕಣ್ಣಿನ ಬಿಳಿಯ ಅಂಚಿನಿಂದ ನೋಡುವುದು, ಮೈ ಮರಗಟ್ಟಿದಂತೆ ನಿಲ್ಲುವುದು. ಇವನ್ನೆಲ್ಲ ನಾವು ಓದದಿದ್ದರೆ ಕಡೆಗೆ ಗುರುಗುಟ್ಟುವಿಕೆ. ಗುರುಗುಟ್ಟಿದ್ದಕ್ಕೆ ಹೊಡೆದರೆ ಭಯ ಹೋಗುವುದಿಲ್ಲ, ಎಚ್ಚರಿಕೆಯ ಗಂಟೆ ಮಾತ್ರ ಹೋಗುತ್ತದೆ. ಮುಂದೆ ಅದು ಸದ್ದಿಲ್ಲದೆ ಕಚ್ಚಬಹುದು. ಅಂಥ ಮನೆಯಲ್ಲಿ ಮೊದಲು ಕಚ್ಚಿಸಿಕೊಳ್ಳುವುದು ಅನೇಕ ವೇಳೆ ಅದರ ಮುಖದ ಎತ್ತರಕ್ಕಿರುವ ಪುಟ್ಟ ಮಗು. ಅಪಾಯಕಾರಿ ಎಂದು ನಾನು ಮೊದಲೇ ಹೇಳಿದ್ದು ಇದಕ್ಕಾಗಿ. ನಾಯಿ ಗುರುಗುಟ್ಟಿದರೆ ಹಿಂದೆ ಸರಿಯಿರಿ, ಕಾರಣ ಹುಡುಕಿ. ಮಗುವನ್ನೂ ನಾಯಿಯನ್ನೂ ದೊಡ್ಡವರಿಲ್ಲದೆ ಒಟ್ಟಿಗೆ ಬಿಡಬೇಡಿ. ರೇಬಿಸ್ ಲಸಿಕೆಯನ್ನು ಮರೆಯಬೇಡಿ. ಯಾರಿಗಾದರೂ ಹಲ್ಲು ತಾಗಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ತಕ್ಷಣ ವೈದ್ಯರಲ್ಲಿಗೆ ಹೋಗಿ.

ಬೆತ್ತದವರಿಗೆ ವಿರುದ್ಧ ದಿಕ್ಕಿನಲ್ಲಿ ಅತಿಪ್ರೀತಿಯವರಿದ್ದಾರೆ. ಅವರೊಡನೆಯೂ ನನ್ನ ತಕರಾರಿದೆ. ಬಂದ ದಿನವೇ ಸ್ನಾನ, ಮನೆತುಂಬ ನೆಂಟರು, ಎತ್ತಿ ಅಪ್ಪಿಕೊಂಡು ಫೋಟೋ, ಮರುದಿನ "ಅಭ್ಯಾಸವಾಗಲಿ" ಎಂದು ಸಂತೆಗೆ ಎಳೆದೊಯ್ಯುವುದು. ಈಜು ಬಾರದವನನ್ನು ಬಾವಿಗೆ ತಳ್ಳಿ ಕಲಿಸುವ ಕ್ರಮವಿದು. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ 1965ರ ತಮ್ಮ ಗ್ರಂಥದಲ್ಲಿ ತೋರಿಸಿದಂತೆ, ನಾಯಿಮರಿ ಲೋಕದ ಪರಿಚಯ ಮಾಡಿಕೊಳ್ಳುವ ಮುಖ್ಯ ಕಾಲ ಸುಮಾರು 3ರಿಂದ 12 ವಾರಗಳ ವಯಸ್ಸು. ಆ ಅವಧಿಯಲ್ಲಿ ಮನುಷ್ಯರ ಒಡನಾಟವಿಲ್ಲದೆ ಬೆಳೆದ ನಾಯಿಗೆ ಮಿಕ್ಸಿ, ಫ್ಯಾನು, ಮೆಟ್ಟಿಲು ಎಲ್ಲವೂ ಭೂತವೇ. ಯಾರೂ ಅದನ್ನು ಹೊಡೆದಿರಬೇಕೆಂದೇನೂ ಇಲ್ಲ.

ಹಾಗಾದರೆ ಮಾಡಬೇಕಾದುದೇನು? ಓಡಾಟವಿಲ್ಲದ ಒಂದು ಮೂಲೆಯನ್ನು ಅದಕ್ಕೆ ಬಿಟ್ಟುಕೊಡಿ. ಅಲ್ಲಿಂದ ಅದನ್ನು ಯಾರೂ ಎಳೆಯಕೂಡದು. ಊಟ, ನಡಿಗೆ, ನಿದ್ದೆಗಳು ಪ್ರತಿದಿನ ಒಂದೇ ಹೊತ್ತಿಗಿರಲಿ. ಮುಂದೇನೆಂದು ತಿಳಿದ ಜೀವಕ್ಕೆ ಅರ್ಧ ಭಯ ಕಡಿಮೆ. ದೂರದಲ್ಲಿ ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕುಳಿತು ಪತ್ರಿಕೆ ಓದಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಬೇಯಿಸಿದ ಮೊಟ್ಟೆಯದೋ ಪನೀರಿನದೋ ಚೂರನ್ನು ಅದರತ್ತ ಎಸೆದು ಸುಮ್ಮನಿರಿ. ಹತ್ತಿರ ಬರುವ ನಿರ್ಧಾರ ಅದರದಾಗಿರಲಿ. ಬಂದಾಗ ತಲೆಯ ಮೇಲಿನಿಂದ ಕೈ ಚಾಚದೆ ಎದೆಯ ಬಳಿ ಮೂರು ಕ್ಷಣ ಸವರಿ ಕೈ ಹಿಂದಕ್ಕೆಳೆಯಿರಿ. ಇನ್ನೂ ಬೇಕೆಂದರೆ ಅದೇ ಮುಂದೆ ಬರುತ್ತದೆ. ಹೆದರಿದ ನಾಯಿ ಕೊರಳಪಟ್ಟಿಯಿಂದ ತಲೆ ಜಾರಿಸಿಕೊಂಡು ಓಡಬಲ್ಲದು. ಹೊರಗೆ ಹೋಗುವಾಗ ಎದೆಗೆ ಸುತ್ತಿ ಕಟ್ಟುವ ಹಾರ್ನೆಸ್ ಹಾಕಿ.

ಸದ್ದಿನ ಭಯಕ್ಕೂ ಇದೇ ನೀತಿ. ಪಟಾಕಿಯ ಸದ್ದನ್ನು ಮೊಬೈಲಿನಲ್ಲಿ, ನಾಯಿ ಕಿವಿ ನಿಮಿರಿಸುವುದಕ್ಕಿಂತ ಹೆಚ್ಚೇನೂ ಮಾಡದಷ್ಟು ಮೆಲ್ಲಗೆ ಕೇಳಿಸಿ, ಸದ್ದಿನ ಹಿಂದೆಯೇ ರುಚಿಯಾದ ತುತ್ತು ಕೊಡಿ. ಘಂಟೆಯ ನಂತರ ಆಹಾರ ಬರುವುದೆಂದು ತಿಳಿದ ನಾಯಿ ಘಂಟೆಗೇ ಜೊಲ್ಲು ಸುರಿಸಿತೆಂಬ ಪಾವ್ಲೋವ್ ಪ್ರಯೋಗವನ್ನು ನೀವೆಲ್ಲ ಪಾಠದಲ್ಲಿ ಓದಿದವರೇ. ಸದ್ದನ್ನು ದಿನಗಳಲ್ಲಿ ಅಲ್ಲ, ವಾರಗಳಲ್ಲಿ ಏರಿಸಬೇಕು. ನಡುಗಿದರೆ ಒಂದು ಮೆಟ್ಟಿಲು ಇಳಿಯಬೇಕು. ನಿಜವಾದ ದೀಪಾವಳಿಯ ರಾತ್ರಿ ಕಿಟಕಿ ಮುಚ್ಚಿ ಜೊತೆಯಲ್ಲಿರಿ. "ಸಮಾಧಾನಪಡಿಸಿದರೆ ಭಯ ಹೆಚ್ಚುತ್ತದೆ" ಎಂಬುದು ಇನ್ನೊಂದು ಅಜ್ಞಾನ. ಗುಡುಗಿಗೆ ಬೆಚ್ಚಿದ ಮೊಮ್ಮಗುವನ್ನು ಅಜ್ಜಿ ಮಡಿಲಿಗೆ ಎಳೆದುಕೊಂಡದ್ದರಿಂದ ಯಾವ ಮಗುವೂ ಪುಕ್ಕಲಾಗಲಿಲ್ಲ. ಭಯ ವಿಪರೀತವಾಗಿದ್ದರೆ ಪಶುವೈದ್ಯರಿಗೆ ತೋರಿಸಿ. ಕಿವಿಯ ಸೋಂಕು, ಕೀಲುನೋವುಗಳೂ ನಾಯಿಯನ್ನು ಸಿಡುಕನನ್ನಾಗಿ ಮಾಡುತ್ತವೆ. ಭಯ ತಗ್ಗಿಸುವ ಔಷಧಿಗಳಿವೆ. ಅವನ್ನು ಅವಮಾನವೆಂದು ತಿಳಿಯಬೇಕಿಲ್ಲ.

ಭಯ ಇಳಿದ ಮೇಲೆ ಆತ್ಮವಿಶ್ವಾಸ ಬೆಳೆಸುವ ಕೆಲಸ. ಹಳೆಯ ಟವೆಲಿನ ಮಡಿಕೆಗಳಲ್ಲಿ ತಿಂಡಿ ಬಚ್ಚಿಟ್ಟು ಹುಡುಕಲು ಬಿಡಿ. ಮೂಗು ಅದರ ಮೊದಲ ಇಂದ್ರಿಯ. ನಡಿಗೆಯಲ್ಲಿ ಎಳೆದಾಡದೆ ಬೇಕಾದಷ್ಟು ಮೂಸಲು ಬಿಡಿ. 'ಕೂರು', 'ಬಾ' ಎಂಬ ಎರಡು ಪದಗಳನ್ನು ತುತ್ತಿನ ಆಸೆಯಿಂದ ಕಲಿಸಿ. ಸಾಧ್ಯವಾಗುವ ಲೆಕ್ಕವನ್ನು ಮೊದಲು ಕೊಟ್ಟು 'ಸರಿ' ಎಂದು ಗುರುತು ಹಾಕಿದರೆ ಹಿಂದಿನ ಬೆಂಚಿನ ಹುಡುಗನೂ ಮುಂದಿನ ಲೆಕ್ಕಕ್ಕೆ ಕೈಹಾಕುತ್ತಾನೆ. ನಾಯಿಯ ಶಿಕ್ಷಣಶಾಸ್ತ್ರ ಬೇರೆಯೇನಲ್ಲ.

"ಇಷ್ಟೆಲ್ಲ ತಾಳ್ಮೆ ಯಾರಿಗಿದೆ? ಏನು ಮಾಡಿದರೂ ನಾಯಿ ಬಾಲ ಡೊಂಕೇ" ಎನ್ನುವವರಿಗೆ ನನ್ನ ಉತ್ತರವಿಷ್ಟೆ. ತಾಳ್ಮೆಯಿಲ್ಲದವರು ದತ್ತು ತರಬೇಡಿ, ಅದರಲ್ಲಿ ಅವಮಾನವಿಲ್ಲ. ತಂದವರಿಗೆ ಮಾತ್ರ ಬೇರೆ ದಾರಿಯಿಲ್ಲ. ಕೆಲವು ನಾಯಿಗಳು ತಿಂಗಳೊಳಗೆ ಅರಳುತ್ತವೆ, ಕೆಲವಕ್ಕೆ ವರ್ಷ ಹಿಡಿಯುತ್ತದೆ, ಕೆಲವು ಜೀವನಪೂರ್ತಿ ಅಪರಿಚಿತರಿಗೆ ಅಂಜುತ್ತವೆ; ಅವೂ ನೆಮ್ಮದಿಯಿಂದ ಬದುಕಬಲ್ಲವು. ಇನ್ನು ಗಾದೆಯ ಮಾತು. ನಮ್ಮ ನಾಡುನಾಯಿ ಹೆದರಿದಾಗ ಅದರ ಬಾಲ ಡೊಂಕಾಗಿರುವುದಿಲ್ಲ; ಕಾಲುಗಳ ನಡುವೆ ಅಡಗಿ ಹೊಟ್ಟೆಗಂಟಿರುತ್ತದೆ. ಹೆದರಿಕೆ ಕಳೆದ ದಿನವೇ ಅದು ಮೇಲೆದ್ದು ಬೆನ್ನಿನ ಮೇಲೆ ಸುರುಳಿಯಾಗುವುದು. ಆದ್ದರಿಂದ ನಿಮ್ಮ ಮನೆಯ ನಾಯಿಯ ಬಾಲ ಡೊಂಕಾಗಿದ್ದರೆ ನೇರಮಾಡಲು ಹೊರಡಬೇಡಿ. ಪರೀಕ್ಷೆಯಲ್ಲಿ ಪಾಸಾದವರು ನೀವು.