ಬೋರ್ಡ್ ಹೋಗಿದೆ ಅಂದ ತಕ್ಷಣ ದುಡ್ಡು ಬಿಚ್ಚಬೇಡಿ

ಕಳೆದ ತಿಂಗಳು ನಮ್ಮ ತೋಟದ ಮನೆ ಕಂಪ್ಯೂಟರ್ ಸಂಜೆಯಾದ್ರೆ ಸಾಕು, ತಾನಾಗೇ ಆಫ್ ಆಗಿ ಮತ್ತೆ ಆನ್ ಆಗ್ತಿತ್ತು. ಮಗಳು ಪರೀಕ್ಷೆ ಅರ್ಜಿ ತುಂಬೋಕೆ ಕೂತಾಗ ಮೂರು ಸಲ ಹೀಗಾಯ್ತು. ಕೊನೇ ದಿನಾಂಕ ಹತ್ತಿರ ಬಂದಿತ್ತು. ಪೇಟೆಗೆ ಹೊತ್ತುಕೊಂಡು ಹೋದೆ. ಅಂಗಡೀಲಿ ಎರಡು ಗಂಟೆ ಒಂದೇ ಸಮ ಓಡ್ತು. ಆದ್ರೂ "ಮದರ್‌ಬೋರ್ಡ್ ವೀಕು, ಬದಲಾಯಿಸಿ, ಏಳು ಸಾವಿರ" ಅಂದ್ರು. ನಾನು ಕೊಡೋಕೆ ತಯಾರಾಗೇ ಇದ್ದೆ. ಪಕ್ಕದ ಮೋಟಾರ್ ರಿವೈಂಡಿಂಗ್ ಅಂಗಡಿಯಣ್ಣ ಕೇಳಿದ: "ಇಲ್ಲಿ ಓಡುತ್ತೆ, ನಿಮ್ಮನೇಲಿ ಓಡಲ್ಲ. ಹಂಗಾದ್ರೆ ರೋಗ ಮಿಷನ್‌ಗೋ, ಮನೆಗೋ?"

ಮನೆಗೆ ಬಂದು ಮಲ್ಟಿಮೀಟರ್ ಹಿಡಿದೆ. ಪ್ಲಗ್‌ನಲ್ಲಿ 228 ವೋಲ್ಟ್. ಸ್ನಾನದ ಹೀಟರ್ ಹಾಕಿಸಿದೆ, 172ಕ್ಕೆ ಇಳೀತು. ನಮ್ಮ ಎಸ್‌ಎಂಪಿಎಸ್ ಡಬ್ಬದ ಮೇಲೆ 200ರಿಂದ 240 ಅಂತ ಅಚ್ಚಾಗಿದೆ. ಅದಾದ್ರೂ ಏನು ಮಾಡೀತು? ಲೈನ್‌ಮನ್ ಬಂದು ಮೀಟರ್ ಹತ್ತಿರದ ಜಾಯಿಂಟ್ ಬಿಚ್ಚಿದ್ರೆ, ಅಲ್ಯೂಮಿನಿಯಂ ಸರ್ವಿಸ್ ವೈರಿಗೆ ತಾಮ್ರದ ನ್ಯೂಟ್ರಲ್ ತಂತಿ ಬರೀ ಸುತ್ತಿಟ್ಟಿದ್ದು, ಸುಟ್ಟು ಕರ್ರಗಾಗಿತ್ತು. ಸರಿಯಾದ ಕನೆಕ್ಟರ್ ಹಾಕಿ ಬಿಗಿ ಮಾಡಿದ್ರು. ಅವತ್ತಿಂದ ಕಂಪ್ಯೂಟರ್ ಒಂದು ಸಲವೂ ನಿಂತಿಲ್ಲ. ಅರ್ಜಿಯೂ ಹೋಯ್ತು.

ಟೆಸ್ಟರ್ ನಂಬಬೇಡಿ. 172 ಇದ್ರೂ ಅದು ಉರಿಯುತ್ತೆ. ಹಿಂದೆ ಬುರುಡೆ ಬಲ್ಬು ಮಂಕಾಗಿ ನಮಗೆ ಹೇಳ್ತಿತ್ತು. ಈಗಿನ ಎಷ್ಟೋ ಎಲ್‌ಇಡಿ ವೋಲ್ಟೇಜ್ ಬಿದ್ರೂ ಅಷ್ಟೇ ಬೆಳಕು ಕೊಡುತ್ತೆ, ಗೊತ್ತೇ ಆಗಲ್ಲ. ಮೀಟರ್‌ನ ಮುಳ್ಳು ಎಸಿ 750ರಲ್ಲಿರಲಿ, ಕೆಂಪು ವೈರು 10 ಆಂಪ್ ತೂತಲ್ಲಿ ಇರಲೇಬಾರದು. ತ್ರೀ ಫೇಸ್ ಇರೋ ಮನೇಲಿ ಒಂದು ಕೋಣೆ ಫ್ಯಾನ್ ನಿಧಾನ, ಇನ್ನೊಂದರದ್ದು ವಿಪರೀತ ಜೋರು ಅಂದ್ರೆ ಮೊದಲು ಮೇನ್ ಇಳಿಸಿ. ನ್ಯೂಟ್ರಲ್ ಪೂರ್ತಿ ಬಿಟ್ರೆ 230 ಇರಬೇಕಾದ ಕಡೆ 400ರ ಹತ್ತಿರಕ್ಕೂ ಏರಬಹುದು. ಮೀಟರಿಂದ ಆಚೆಯದನ್ನು ನಾವು ಮುಟ್ಟೋದು ಬೇಡ, ಲೈನ್‌ಮನ್ ಬರೋತನಕ ಕತ್ತಲಲ್ಲಿರೋಣ.

ಇದೇ ಮರೆವು ಫೋನ್ ವಿಷಯದಲ್ಲೂ. ಬೋರ್‌ವೆಲ್ಲಿನ ಮೊಬೈಲ್ ಸ್ಟಾರ್ಟರ್‌ಗೆ ಅಗ್ಗ ಅಂತ ಹೊಸ ಸಿಮ್ ಹಾಕ್ದೆ. ಸ್ಟಾರ್ಟರ್ ಸತ್ತಂಗಾಯ್ತು. ಮತ್ತೆ ಅದೇ ಮಾತು: "ಬೋರ್ಡ್ ಹೋಗಿದೆ". ನಾಲ್ಕು ದಿನ ಸಸಿಗಳಿಗೆ ನೀರಿಲ್ಲ. ಸ್ಟಾರ್ಟರ್ ಒಳಗಿರೋದು 2ಜಿ ಮಾಡೆಮ್, ನಾನು ಹಾಕಿದ್ದು ಬರೀ 4ಜಿ, 5ಜಿ ಕಂಪನಿ ಸಿಮ್. ಹಳೇ ಸಿಮ್ ವಾಪಸ್ ಹಾಕಿದೆ, ಮೋಟಾರ್ ಎದ್ದಿತು. ಡಬ್ಬದ ಮೇಲೆ "2ಜಿ ಮಾತ್ರ" ಅಂತ ದಪ್ಪಕ್ಷರದಲ್ಲಿ ಬರೆಯೋಕೆ ಮಾರೋರಿಗೆ ಏನು ಕಷ್ಟ? ಹೊಸದು ತಗೊಳ್ಳೋರು 4ಜಿ ಸ್ಟಾರ್ಟರನ್ನೇ ಕೇಳಿ. ನಿಮ್ಮ ಸಿಮ್ ಅಂಗಡೀಲೇ ಹಾಕಿಸಿ, ಕಾಲ್ ಮಾಡಿ ನೋಡಿ, ಆಮೇಲೆ ದುಡ್ಡು ಎಣಿಸಿ.

ಎಲೆ ಹಳದಿಯಾದ್ರೆ ಬೇರು ಕೆದರಿ ನೋಡದೆ ನಾವು ಔಷಧಿ ಹೊಡೆಯಲ್ಲ. ಮಿಷನ್ ಅಂದ ತಕ್ಷಣ ಯಾಕೆ ಇಷ್ಟು ಹೆದರಿಕೆಯೋ! ಅಂಗಡಿಯವರನ್ನ ಮಾತ್ರ ಬೈಯಲ್ಲ, ಕೇಳದೆ ತಲೆಯಾಡಿಸೋ ನಾವೂ ಅಷ್ಟೇ.

ನನ್ನ ಮಲ್ಟಿಮೀಟರ್ ಮನೇಲೇ ಇರುತ್ತೆ. ಬೇಕಾದೋರು ಬಂದು ತಗೊಂಡು ಹೋಗಿ. ಸಂಜೆ ಲೋಡ್ ಇರೋ ಹೊತ್ತಲ್ಲಿ ನೋಡಿ, ಎಷ್ಟು ಬಂತು ಅಂತ ಇಲ್ಲೇ ಬರೀರಿ. ಒಂದೇ ಟಿಸಿಯ ನಾಲ್ಕಾರು ಮನೇಲಿ ಕಮ್ಮಿ ಬಂದ್ರೆ ಒಟ್ಟಿಗೆ ಅರ್ಜಿ ಕೊಡೋಣ.