ಮತಾಂತರವೂ ಮ್ಯಾಜಿಸ್ಟ್ರೇಟರೂ

ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿದರು. ಆಂಗ್ಲರಲ್ಲದ ಮಿಶನರಿಗಳಿಗೆ ಕಂಪನಿಯ ರಾಜ್ಯದ ಬಾಗಿಲನ್ನು ತೆರೆದುದು 1833ರ ಸನ್ನದು. ಧರ್ಮಪ್ರಚಾರದ ಬೆನ್ನಿಗೆ ರಾಜದಂಡವಿದೆಯೆಂಬ ಸಂಶಯವು ನಮ್ಮ ಜನರಲ್ಲಿ ಬೇರೂರಿದುದು ಸಹಜವೇ. ಮತಾಂತರಗೊಂಡವನ ಪಿತ್ರಾರ್ಜಿತದ ಹಕ್ಕನ್ನು ಕಾಯ್ದ 1850ರ 21ನೆಯ ಕಾಯದೆಯನ್ನು ಹಿಂದೂ ಸಮಾಜದ ಅನೇಕರು ಮಿಶನರಿಗಳ ವಿಜಯವೆಂದೇ ಬಗೆದರು. ಆದರೆ ಆ ಜರ್ಮನ್ ಪಾದ್ರಿಗಳನ್ನೇ ಮೊದಲನೆಯ ಮಹಾಯುದ್ಧದಲ್ಲಿ ಆಂಗ್ಲ ಸರಕಾರವು ವೈರಿಗಳೆಂದು ಬಂಧನದಲ್ಲಿರಿಸಿತು. ರಾಜರ ಸ್ನೇಹವೆಂದರೆ ಅಷ್ಟೇ! ಕಿಟೆಲ್ ಪಂಡಿತರ 1894ರ ಕೋಶದ ಋಣವನ್ನಂತೂ ಕನ್ನಡಿಗರು ಮರೆಯಲಾರರು.

ಸ್ವತಂತ್ರ ಭಾರತವು ಆ ಸಂಶಯಕ್ಕೆ ಉತ್ತರವನ್ನು ಕೊಟ್ಟಿತ್ತು. ಧರ್ಮವನ್ನು ಪ್ರಚಾರ ಮಾಡುವ ಹಕ್ಕನ್ನು ಘಟನಾ ಸಭೆಯು 1948ರ ಡಿಸೆಂಬರಿನಲ್ಲಿ ವಾದವಿವಾದಗಳ ನಂತರ ಅಂಗೀಕರಿಸಿತು. ಧರ್ಮಾಧಾರಿತ ಮೀಸಲು ಸ್ಥಾನಗಳನ್ನು ಸಭೆಯು 1949ರ ಮೇ ತಿಂಗಳಲ್ಲಿ ಕೈಬಿಟ್ಟಿತು. ಅದಕ್ಕೆ ಕಾರಣವಾದ ಅಲ್ಪಸಂಖ್ಯಾತರ ಸಮಿತಿಯ ನಡುವೆ ನಿಂತವರು ಕ್ರೈಸ್ತರೇ ಆದ ಎಚ್. ಸಿ. ಮುಖರ್ಜಿಯವರು. ದೇಶಬಾಂಧವರಲ್ಲಿ ಇಟ್ಟ ಈ ವಿಶ್ವಾಸಕ್ಕೆ ನಾವು ಏನನ್ನು ಪ್ರತಿಯಾಗಿ ಕೊಟ್ಟೆವು?

ಬೆಳಗಾವಿಯಲ್ಲಿ 2021ರ ಡಿಸೆಂಬರಿನಲ್ಲಿ ವಿಧಾನಸಭೆಯು ಅಂಗೀಕರಿಸಿ, 2022ರಲ್ಲಿ ಕಾಯದೆಯಾದ ಮಸೂದೆಯನ್ನು ನೋಡೋಣ. ಮತವನ್ನು ಬದಲಿಸಬಯಸುವವನು 30 ದಿನ ಮುಂಚಿತವಾಗಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಅವರು ಆ ಸುದ್ದಿಯನ್ನು ಫಲಕಕ್ಕೆ ಹಚ್ಚಿ ಆಕ್ಷೇಪಣೆಗಳನ್ನು ಕರೆಯಬೇಕು. ಸೋದರನಷ್ಟೇ ಅಲ್ಲ, ಸಹೋದ್ಯೋಗಿಯೂ ದೂರು ಕೊಡಬಹುದು. ತನ್ನ ಹಿಂದಿನ ಮತಕ್ಕೆ ಮರಳಿದರೆ ಮಾತ್ರ ಅದು ಮತಾಂತರವೇ ಅಲ್ಲವಂತೆ! ಬಲಾತ್ಕಾರದಿಂದಲೋ ವಂಚನೆಯಿಂದಲೋ ಮತಾಂತರಿಸುವವನನ್ನು ದಂಡಿಸಬೇಕೆಂಬಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಮತಾಂತರಿಸುವುದು ಮೂಲಭೂತ ಹಕ್ಕಲ್ಲವೆಂದು ಸುಪ್ರೀಂ ಕೋರ್ಟು 1977ರಲ್ಲಿ ಹೇಳಿದ್ದೂ ನಿಜ. ಆದರೆ ಪರರನ್ನು ಮತಾಂತರಿಸುವುದು ಬೇರೆ, ತಾನೇ ಮನಸ್ಸು ಬದಲಿಸುವುದು ಬೇರೆ. ಎರಡನೆಯದಕ್ಕೆ ಕಚೇರಿಯ ಅಪ್ಪಣೆ ಏಕೆ?

ಸ್ತ್ರೀಯರನ್ನೂ ಪರಿಶಿಷ್ಟರನ್ನೂ ಮಕ್ಕಳ ಸಾಲಿನಲ್ಲಿ ಸೇರಿಸಿ, ಅವರ ವಿಷಯದಲ್ಲಿ ದಂಡನೆಯನ್ನು 10 ವರ್ಷಗಳವರೆಗೆ ಏರಿಸಿದುದು ನಮಗೆ ಇನ್ನೂ ಹೆಚ್ಚಿನ ಖೇದವನ್ನುಂಟುಮಾಡುತ್ತದೆ. ಮತ ಚಲಾಯಿಸಿ ಸರಕಾರವನ್ನು ಆರಿಸಬಲ್ಲ ಹೆಣ್ಣುಮಗಳು ತನ್ನ ದೇವರನ್ನು ಆರಿಸಲಾರಳೆ? ಶತಮಾನಗಳ ಕಾಲ ಗುಡಿಯ ಹೊರಗೆ ನಿಲ್ಲಿಸಿದವನು ಬೇರೊಂದು ಬಾಗಿಲನ್ನು ತಟ್ಟಿದಾಗ, ಮೊದಲು ವಿಚಾರಣೆಯಾಗಬೇಕಾದುದು ಯಾರದು?

ಕಾಯದೆಯನ್ನು ರದ್ದುಪಡಿಸಲು ಸಚಿವ ಸಂಪುಟವು 2023ರ ಜೂನ್ 15ರಂದು ನಿರ್ಧರಿಸಿತು. ಸಂಪುಟದ ನಿರ್ಧಾರದಿಂದ ಕಾಯದೆ ಅಳಿಯುವುದಿಲ್ಲ. ಉಭಯ ಸದನಗಳ ಒಪ್ಪಿಗೆ ಬೇಕು. ಆ ಚರ್ಚೆಯಲ್ಲಿ ಪ್ರತಿಯೊಬ್ಬ ಶಾಸಕನೂ ಪಕ್ಷದ ಸೂಚನೆಯನ್ನು ಬದಿಗಿರಿಸಿ, ಫಲಕಕ್ಕೆ ತನ್ನ ಮಗಳ ಹೆಸರನ್ನೇ ಹಚ್ಚಿದ್ದಾರೆಂದು ಭಾವಿಸಿ ಮಾತಾಡಬೇಕೆಂದು ನಾವು ಕೋರುತ್ತೇವೆ.