ಹಿರಿಯರ ಮನಸ್ಸಿಗೆ ಯಾರು ಹೊಣೆ?

ಶಹಾಬಾದ್ ಪರಿಸರದ ಭಂಕೂರಿನಂತಹ ಊರುಗಳಲ್ಲಿ ಇಂದು ಎಪ್ಪತ್ತು ದಾಟಿರುವ ಅನೇಕರು ತಮ್ಮ ಯೌವನವನ್ನು ಕಲ್ಲಿನ ಗಣಿಗಳಲ್ಲಿಯೂ ಸಿಮೆಂಟ್ ಕಾರ್ಖಾನೆಗಳಲ್ಲಿಯೂ ಸವೆಸಿದವರು. ಅವರು ಸೀಳಿದ ಕಲ್ಲು ಊರೂರಿನ ಮನೆಗಳ ನೆಲವಾಗಿದೆ. ಮಕ್ಕಳು ಹೈದರಾಬಾದ್, ಪುಣೆ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳ ದಾರಿ ಹಿಡಿದಿದ್ದಾರೆ. ಬಿಸಿಲು ಏರುವ ತಿಂಗಳುಗಳಲ್ಲಿ ಈ ಹಿರಿಯರಿಗೆ ಮನೆಯ ಮೂಲೆಯೇ ಜಗತ್ತು. ಅವರು ಊಟ ಬಿಟ್ಟರೆ, ನಿದ್ದೆಗೆಟ್ಟರೆ, ಮಾತು ನಿಲ್ಲಿಸಿದರೆ 'ವಯಸ್ಸಾಯಿತಲ್ಲ' ಎಂದು ನಾವು ಸುಮ್ಮನಾಗುತ್ತೇವೆ.

ಇದು ಸರಿಯಾದ ತೀರ್ಮಾನವೇ? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 60 ದಾಟಿದವರಲ್ಲಿ ಸುಮಾರು ಶೇ. 14ರಷ್ಟು ಮಂದಿಗೆ ಮಾನಸಿಕ ಕಾಯಿಲೆಯಿದೆ. ಅಂದರೆ ಉಳಿದ ಬಹುಸಂಖ್ಯಾತರಿಗೆ ಇಲ್ಲ. ಆದ್ದರಿಂದ ಖಿನ್ನತೆಯು ಮುಪ್ಪಿನ ಸಹಜ ಲಕ್ಷಣವಲ್ಲ, ಅದಕ್ಕೆ ಕಾರಣಗಳಿವೆ. ಅವುಗಳಲ್ಲಿ ಹಲವು ನಮ್ಮ ಮನೆಯೊಳಗೇ ಇವೆ.

ಮೊದಲನೆಯದು ಪರಾವಲಂಬನೆ. ಗಣಿ ಕಾರ್ಮಿಕನಿಗೆ ಸಾಮಾನ್ಯವಾಗಿ ನಿವೃತ್ತಿ ವೇತನವೇ ಇಲ್ಲ. ಭವಿಷ್ಯನಿಧಿ ಪಿಂಚಣಿಯ ಕನಿಷ್ಠ ಮೊತ್ತವನ್ನು 2014ರಲ್ಲಿ ತಿಂಗಳಿಗೆ 1,000 ರೂ. ಎಂದು ನಿಗದಿಪಡಿಸಲಾಯಿತು. ಔಷಧಿಗೂ ಕೈಯೊಡ್ಡಬೇಕಾದವನ ಆತ್ಮಗೌರವ ದಿನದಿನಕ್ಕೂ ಕುಸಿಯುತ್ತದೆ. ಎರಡನೆಯದು ಅಗಲಿಕೆ. ಸಂಗಾತಿಯನ್ನು ಕಳೆದುಕೊಂಡವರ, ವಿಶೇಷವಾಗಿ ವಿಧವೆಯರ ಮೌನವನ್ನು ನಾವು 'ಸಬ್ರ್' ಎಂದು ಹೊಗಳಿ ಮರೆತುಬಿಡುತ್ತೇವೆ. ಮೂರನೆಯದು ಕಿವಿ ಮತ್ತು ಕಣ್ಣು. ಮಾತು ಕೇಳಿಸದವರು ಮೆಲ್ಲಮೆಲ್ಲನೆ ಮಾತುಕತೆಯಿಂದಲೇ ಹೊರಬೀಳುತ್ತಾರೆ. ಶ್ರವಣದೋಷ, ದೃಷ್ಟಿದೋಷ, ಖಿನ್ನತೆ, ಒಂಟಿತನ ಇವೆಲ್ಲವೂ ಮರೆಗುಳಿತನದ ಅಪಾಯವನ್ನು ಹೆಚ್ಚಿಸುತ್ತವೆಂದು 2024ರ ಲ್ಯಾನ್ಸೆಟ್ ಆಯೋಗದ ವರದಿ ಹೇಳಿದೆ. ಮಗಳ ಮದುವೆಗೆ ಲಕ್ಷಗಟ್ಟಲೆ ಸಾಲ ಮಾಡುವ ಮನೆಗಳಲ್ಲಿ ತಾಯಿಯ ಶ್ರವಣಯಂತ್ರಕ್ಕೆ ಹಣವಿರುವುದಿಲ್ಲ!

ಇನ್ನೊಂದು ಕಹಿಸತ್ಯವಿದೆ. ಹಿರಿಯರು ಗೊಂದಲಗೊಂಡರೆ 'ಅಸರ್' ಆಗಿದೆಯೆಂದು ತಾಯಿತದ ಬಳಿಗೆ ಓಡುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ದಿಢೀರ್ ಗೊಂದಲಕ್ಕೆ ಮೂತ್ರದ ಸೋಂಕು ಅಥವಾ ಔಷಧಿಯ ಏರುಪೇರು ಕಾರಣವಾಗಿರಬಹುದು. ನಿಧಾನವಾಗಿ ಕವಿಯುವ ಮಂಕಿಗೆ ಥೈರಾಯ್ಡ್ ದೋಷವೋ ಬಿ12 ಕೊರತೆಯೋ ಇರಬಹುದು. ವೈದ್ಯರು ಪರೀಕ್ಷಿಸಿದರೆ ಇವು ಗುಣವಾಗುವಂಥವು. ತಡವಾದರೆ ಹಾನಿ ನಮ್ಮದೇ.

ಹೆತ್ತವರ ಮುಪ್ಪಿನಲ್ಲಿ ಬೇಸರದ ಒಂದು ಉದ್ಗಾರವೂ ಬಾಯಿಂದ ಹೊರಡಬಾರದೆಂಬ ಕುರ್‌ಆನಿನ ಆದೇಶವನ್ನು ನಾವು ಜುಮಾ ಪ್ರವಚನಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. ಆದರೆ ಆ ಆದೇಶದ ಭಾರವನ್ನೆಲ್ಲ ಸೊಸೆಯ ಹೆಗಲಿಗೆ ಹೊರಿಸಿ ಮಗನು ಪುಣ್ಯ ಎಣಿಸುವುದು ನ್ಯಾಯವಲ್ಲ. ಶುಶ್ರೂಷೆ ಮೊದಲು ಮಕ್ಕಳ ಹೊಣೆ. ಹೆಣ್ಣುಮಕ್ಕಳಷ್ಟೇ ಗಂಡುಮಕ್ಕಳದ್ದೂ ಹೌದು.

ಆಸ್ತಿ ಬರೆಸಿಕೊಂಡು ಕೈಬಿಡುವವರೂ ಇದ್ದಾರೆ. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಕಾಯಿದೆಯಡಿ ಹೆತ್ತವರು ಉಪವಿಭಾಗದ ನ್ಯಾಯಮಂಡಳಿಯಲ್ಲಿ ಜೀವನಾಂಶ ಕೇಳಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದಾಗ ಹಿಂಪಡೆಯಲೂ ಅವಕಾಶವಿದೆ. ಹಿರಿಯರ ಸಹಾಯವಾಣಿ 14567. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಈ ಎರಡು ಸಂಖ್ಯೆಗಳನ್ನು ಪ್ರತಿ ಮಸೀದಿಯ ಫಲಕದಲ್ಲಿ ಬರೆಯಲು ಜಮಾಅತ್‌ಗೆ ಖರ್ಚೇನೂ ಇಲ್ಲ.

ಹಿರಿಯರಿಗೆ ಬೇಕಾದುದು ಕೇವಲ ಅನ್ನವಲ್ಲ. ಮನೆಯ ನಿರ್ಧಾರಗಳಲ್ಲಿ ಅವರ ಅಭಿಪ್ರಾಯ ಕೇಳೋಣ. ದೂರದಲ್ಲಿರುವವರು ಹಣ ಕಳುಹಿಸಿದ ದಿನ ಮಾತ್ರವಲ್ಲ, ಉಳಿದ ದಿನಗಳಲ್ಲೂ ಕರೆ ಮಾಡಲಿ.